ಬಲಗಡೆಯ ಸೀಟು

ಬೈಲಹೊಂಗಲದ ನಮ್ಮ ಓಣಿಯಿಂದ ಭಾನುವಾರ ಬೆಳಿಗ್ಗೆ ಒಂದು ಕರಿ ಕಾರು ಹೊರಬೀಳುತ್ತದೆ. ತಗ್ಗು ಮೈ, ಎರಡೇ ಬಾಗಿಲು, ಎರಡೇ ಸೀಟು, ಎಂಜಿನ್ನು ಹಿಂದುಗಡೆ. ಸ್ಟೇರಿಂಗು ಇರುವುದು ಎಡಕ್ಕೆ. ಹೋದ ಬೇಸಿಗೆಯವರೆಗೂ ಇದನ್ನು ಮೊದಲ ಸಲ ಎದುರಿನಿಂದ ನೋಡಿದ ಟ್ರ್ಯಾಕ್ಟರಿನವರಿಗೆ ಎದೆ ಧಸಕ್ಕೆನ್ನುತ್ತಿತ್ತು. ಡ್ರೈವರು ಇರಬೇಕಾದ ಬಲಗಡೆಯ ಸೀಟು ಖಾಲಿ. ಎಡಗಡೆ ಒಬ್ಬ ಬಿಳಿ ತಲೆಯ ಮನುಷ್ಯ ನೆಟ್ಟಗೆ ಕೂತು ಎದುರು ನೋಡುತ್ತಿದ್ದಾನೆ. ಕಾರು ತನ್ನಷ್ಟಕ್ಕೆ ತಾನು ಬರುತ್ತಿದೆ.

"ಶನಿದೇವ್ರು ಓಡಸ್ತಾನು, ಆಚಾರಿ ಬಾಜೂಕ ಕುಂತಿರ್ತಾನು" ಎಂದು ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ನಗುತ್ತಿದ್ದರು. ನಗುವವರನ್ನು ಹಿಡಿದು, ಹಾಗಾದರೆ ನೀವೊಂದು ಸಲ ಆ ಸೀಟಿನಲ್ಲಿ ಕೂತು ಬನ್ನಿ ಎಂದರೆ ಚಹದ ಕಪ್ಪು ಕೆಳಗಿಟ್ಟು ಎದ್ದು ಹೋಗುವ ಜನ. ನನಗೆ ಮೈಯುರಿಯುತ್ತಿತ್ತು. ಹೆದರಿಕೆ ಇದ್ದರೆ ಹೆದರಲಿ, ನಗು ಇದ್ದರೆ ನಗಲಿ, ಎರಡನ್ನೂ ಒಟ್ಟಿಗೆ ಮಾಡುವವರನ್ನು ಕಂಡರೆ ನನಗಾಗದು.

ಆ ಬಿಳಿ ತಲೆಯ ಮನುಷ್ಯ ರಘೋತ್ತಮ. ನನ್ನ ಎದುರುಮನೆಯವನು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಕೆಲಸ. ಉಗಿಯ ಒತ್ತಡ ಎಷ್ಟು, ಕಬ್ಬಿನ ಹಾಲಿನ ಶಾಖ ಎಷ್ಟು, ಟಾಕಿಯಲ್ಲಿ ರಸ ಎಲ್ಲಿಯವರೆಗೆ ಬಂತು, ಇವನ್ನೆಲ್ಲ ಹೇಳುವ ಮುಳ್ಳುಗಳು ಸುಳ್ಳು ಹೇಳದಂತೆ ಕಾಯುವುದೇ ಅವನ ನೌಕರಿ. ಮದುವೆಯಾಗಿಲ್ಲ. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಈ ಓಣಿಗೆ ಬರುವ ಹೊತ್ತಿಗೆ ಅವನು ಯಾರನ್ನೂ ಕಾರಿಗೆ ಕರೆಯುವುದನ್ನು ಬಿಟ್ಟುಬಿಟ್ಟಿದ್ದ. ಕರೆದಿದ್ದರೆ ನಾನು ಹೋಗುತ್ತಿದ್ದೆ. ಕರೆಯದೆ ಹೇಗೆ ಹೋಗಿ ಕೂರುವುದು?

ಕಾರಿನ ಕಥೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ರಘೋತ್ತಮನ ತಂದೆ ಭಾರ್ಗವಾಚಾರ್ಯರು ಪಂಚಾಂಗ, ಜಾತಕಗಳಲ್ಲಿ ಈ ಸೀಮೆಗೆಲ್ಲ ಬೇಕಾದವರು. ಕಟಕೋಳದ ಕಡೆಯ ಜಟ್ಟೆಪ್ಪ ಸಾವಕಾರನಿಗೆ ಅವರ ಮಾತೆಂದರೆ ಮಾತು. ಹತ್ತಿಯ ವ್ಯಾಪಾರ ಕೈಹಿಡಿದ ಕಾಲದಲ್ಲಿ ಸಾವಕಾರ ಮುಂಬಯಿಯಿಂದ ಈ ಜರ್ಮನ್ ಕಾರನ್ನು ಹಳೆಯದೇ ಕೊಂಡು ತಂದಿದ್ದ. ತಂದ ವರ್ಷವೇ ಅವನ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿತ್ತು. ಮಗಳಿಗೆ ಗೊತ್ತಾಗಿದ್ದ ಸಂಬಂಧ ತಪ್ಪಿತು. ತಾನೇ ಮೆಟ್ಟಿಲಿನಿಂದ ಜಾರಿ ತೊಡೆಯ ಎಲುಬು ಮುರಿದುಕೊಂಡ. ಜಾತಕ ತಂದು ಮುಂದಿಟ್ಟ. ಆಚಾರ್ಯರು ನೋಡಿ, ಸಾಡೇಸಾತಿ ನಡೆದಿದೆ, ಶನಿದಾನ ಮಾಡು, ಕಬ್ಬಿಣ, ಕರಿ ಬಟ್ಟೆ, ಎಳ್ಳು, ಎಳ್ಳೆಣ್ಣೆ ಇವನ್ನು ಯೋಗ್ಯರಿಗೆ ಕೊಡು ಎಂದರು. ಒಂದು ಕಬ್ಬಿಣದ ಬಾಣಲೆ ತಂದಾನು ಎಂಬುದು ಅವರ ಎಣಿಕೆ.

ಸಾವಕಾರ ಮುಂದಿನ ಶನಿವಾರ ಕಾರನ್ನೇ ತಂದು ಆಚಾರ್ಯರ ಬಾಗಿಲಿಗೆ ನಿಲ್ಲಿಸಿದ. ಮೇಲೆ ಕರಿ ಬಟ್ಟೆ ಹೊದಿಸಿದ್ದ. ಒಳಗೆ ಎಳ್ಳಿನ ಚೀಲ ಇಟ್ಟಿದ್ದ.

"ಕಬ್ಬಿಣ ಅಂದಿದ್ರಿ, ಇಕಾರ್ರಿ ಕಬ್ಬಿಣ. ಕರೇದು ಅಂದಿದ್ರಿ, ಕರೇದೂ ಐತಿ. ಯೋಗ್ಯರಿಗೆ ಕೊಡು ಅಂದಿದ್ರಿ. ನಿಮಗಿಂತಾ ಯೋಗ್ಯರು ಈ ನಾಡಾಗ ಯಾರದಾರ್ರಿ, ಆಚಾರ್ರ?"

ತಮ್ಮ ಬಾಯಿಂದಲೇ ಬಂದ ಮಾತು. ಒಲ್ಲೆನೆಂದರೆ ಹೇಳಿದ್ದೇ ಸುಳ್ಳಾಗುತ್ತದೆ. ಆಚಾರ್ಯರು ಸಂಕಲ್ಪ ಮಾಡಿ ಸ್ವೀಕರಿಸಿದರು. ಎಳ್ಳೆಣ್ಣೆಯನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಬಂತು. ಆ ಕಾರಿನ ಬಲಮಗ್ಗುಲಲ್ಲಿ, ಬಾಗಿಲಿನ ಹಿಂದೆ, ಒಂದು ಸಣ್ಣ ಮುಚ್ಚಳವಿದೆ. ಎಂಜಿನ್ನಿನ ಆಯಿಲ್ ಹಾಕುವುದು ಅಲ್ಲಿಂದ. ಸಾವಕಾರ ಅದನ್ನು ತೆರೆದು, ಮಂತ್ರ ಮುಗಿದ ಮೇಲೆ ಎಳ್ಳೆಣ್ಣೆಯನ್ನು ಅದರಲ್ಲೇ ಸುರಿದು ಕೈಮುಗಿದ. ಓಣಿಗೆ ಓಣಿಯೇ ನಿಂತು ನೋಡಿತು. ಆಚಾರ್ಯರ ಹೆಂಡತಿ ಲೀಲಾಬಾಯಿ ನಡುಬಾಗಿಲಲ್ಲಿ ನಿಂತು ನೋಡಿದರು. ರಘೋತ್ತಮ ಆಗಿನ್ನೂ ಕಾಲೇಜಿನ ಹುಡುಗ.

ದಾನ ತೆಗೆದುಕೊಂಡವನಿಗೆ ಕೊಟ್ಟವನ ಪೀಡೆಯೂ ಬರುತ್ತದೆ. ಅದನ್ನು ಜಪ ಮಾಡಿ ಕಳೆದುಕೊಳ್ಳಬೇಕು. ಆಚಾರ್ಯರು ಜಪ ಮಾಡಿದರು. ಆದರೆ ಓಣಿ ಜಪವನ್ನು ನೋಡಲಿಲ್ಲ, ಕಾರನ್ನು ನೋಡಿತು. ಮೊದಲೇ ದಮ್ಮಿನ ರೋಗವಿದ್ದ ಆಚಾರ್ಯರು ಎರಡು ಮಳೆಗಾಲ ಕಳೆದು ತೀರಿಕೊಂಡಾಗ ರೋಗದ ಹೆಸರನ್ನು ಯಾರೂ ಎತ್ತಲಿಲ್ಲ. ರಘೋತ್ತಮನಿಗೆ ಹೆಣ್ಣು ಕೊಡಲು ಬಂದವರು ಅವಲಕ್ಕಿ ತಿಂದು, ಚಹ ಕುಡಿದು, ಕೈತೊಳೆಯಲು ಹಿತ್ತಲಿಗೆ ಹೋದಾಗ ಕೊಟ್ಟಿಗೆಯಲ್ಲಿ ಆ ಕಾರನ್ನು ಕಾಣುತ್ತಿದ್ದರು. ಇದೇನು ಎಂದು ಕೇಳಿದರೆ ಹೇಳಲು ಓಣಿಯಲ್ಲಿ ನೂರು ಬಾಯಿ. ಹೋಗಿ ತಿಳಿಸುತ್ತೇವೆ ಎಂದವರು ಯಾರೂ ತಿಳಿಸಲಿಲ್ಲ.

ಮಾರಿಬಿಡೋ ಎಂದು ತಾಯಿ ಅತ್ತರು. ಆದರೆ ದಾನದ ವಸ್ತುವನ್ನು ಮಾರುವಂತಿಲ್ಲ. ತಿರುಗಿ ದಾನ ಕೊಡೋಣವೆಂದರೆ ತೆಗೆದುಕೊಳ್ಳುವವರಿಲ್ಲ. ಕೊಟ್ಟಿಗೆಯಲ್ಲಿ ಕಾರು ಉಳಿಯಿತು, ಮನೆಯಲ್ಲಿ ರಘೋತ್ತಮ ಉಳಿದ. ಕಾರ್ಖಾನೆಯಲ್ಲಿ ನೌಕರಿ ಸಿಕ್ಕ ಮೇಲೆ ಒಂದೊಂದೇ ನಟ್ಟು ಬಿಚ್ಚಿ, ಒರೆಸಿ, ತಿರುಗಿ ಕೂಡಿಸುತ್ತ, ಎಷ್ಟೋ ವರ್ಷಗಳ ಸಂಜೆಗಳನ್ನು ಅದಕ್ಕೇ ಹಾಕಿ ಅದನ್ನು ಜೀವಂತ ಮಾಡಿದ. ಅಷ್ಟೊತ್ತಿಗೆ ಅದರ ಮೇಲೆ ಅವನಿಗೆ ಸಿಟ್ಟು ಹೋಗಿತ್ತು. ತನ್ನ ಹಾಗೆಯೇ ಅದೂ ತಪ್ಪಿಲ್ಲದೆ ಹೆಸರು ಕೆಡಿಸಿಕೊಂಡದ್ದು ಎಂದು ಒಮ್ಮೆ ನನ್ನೆದುರು ಅಂದಿದ್ದ.

ಕಾರು ಓಡತೊಡಗಿದ ಹೊಸತರಲ್ಲಿ ಅವನು ಕಂಡಕಂಡವರನ್ನು ಕರೆದ. "ಬರ್ರಿ, ಸವದತ್ತಿ ತನಕ ಹೋಗಿ ಬರೂಣು. ಕಿತ್ತೂರಿಗೆ ಹೋಗಿ ಗಿರಮಿಟ್ಟ ತಿಂದು ಬರೂಣು." ಒಬ್ಬರಿಗೆ ಮೊಣಕಾಲು ನೋವು, ಒಬ್ಬರ ಮನೆಗೆ ಬೀಗರು, ಒಬ್ಬರಿಗೆ ಆ ದಿನ ಏಕಾದಶಿ. ಏಕಾದಶಿಗೂ ಕಾರಿನಲ್ಲಿ ಕೂರುವುದಕ್ಕೂ ಏನು ಸಂಬಂಧವೋ ದೇವರೇ ಬಲ್ಲ. ಕಾರ್ಖಾನೆಯ ಗೆಳೆಯರೂ ದೂರದಿಂದ ಕೈಬೀಸುವವರೇ.

ತಾಯಿಯ ವರ್ಷಾಂತಿಕಕ್ಕೆ ಸವದತ್ತಿಯಿಂದ ತಂಗಿ ಪದ್ಮಜಾ ಬಂದಿದ್ದಳು. ಊಟ ಮುಗಿದು ಹೊರಡುವಾಗ ಮಳೆ ಹಿಡಿಯಿತು. ಬಸ್ಸಿಗೆ ಯಾಕೆ, ನಾನು ಬಿಟ್ಟು ಬರುತ್ತೇನೆ ಎಂದು ರಘೋತ್ತಮ ಕಾರು ತೆಗೆದು ಬಾಗಿಲಿಗೆ ತಂದ. ಬಲಗಡೆಯ ಬಾಗಿಲು ತೆರೆದು ಹಿಡಿದ. ಪದ್ಮಜಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಳು.

"ಅಣ್ಣಾ, ನನಗ ಮಕ್ಕಳಿದ್ದಾರ" ಎಂದಳು.

ಮಳೆಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು. ರಘೋತ್ತಮ ಬಾಗಿಲು ಹಾಕಿ, ಕಾರನ್ನು ಕೊಟ್ಟಿಗೆಗೆ ತಂದು ನಿಲ್ಲಿಸಿದ. ಒದ್ದೆಯಾಗಿದ್ದ ಆ ಸೀಟನ್ನು ಒರೆಸಿದ. ಅಂದಿನಿಂದ ಯಾರನ್ನೂ ಕರೆಯಲಿಲ್ಲ. ಭಾನುವಾರದ ತಿರುಗಾಟ ಮಾತ್ರ ಬಿಡಲಿಲ್ಲ. ಯಾರಾದರೂ ಒಬ್ಬರು ಒಂದೇ ಒಂದು ಸಲ ಆ ಸೀಟಿನಲ್ಲಿ ಬಂದು ಕೂರಬೇಕು, ಅದನ್ನು ಬಿಟ್ಟು ಈ ಜನ್ಮದಲ್ಲಿ ತನಗೆ ಬೇರೆ ಆಸೆಯಿಲ್ಲ ಎಂದು ಅವನು ನನಗೆ ಹೇಳಿದ್ದು ಬಹಳ ತಡವಾಗಿ, ಎಲ್ಲ ಮುಗಿದ ಮೇಲೆ.

ಆ ಕೊಟ್ಟಿಗೆಯ ಇನ್ನೊಂದು ಅರ್ಧದಲ್ಲಿ ಕರೆವ್ವನ ಎಮ್ಮೆ ಇರುತ್ತದೆ. ಕರೆವ್ವ ಹಿಂದಿನ ಓಣಿಯವಳು. ಆಚಾರ್ಯರ ಮನೆಯಲ್ಲಿ ದನ ಇದ್ದ ಕಾಲದಿಂದ ಅವುಗಳ ಸಗಣಿ ಬಳಿದು, ಹಾಲು ಹಿಂಡಿ ಕೊಡುತ್ತಿದ್ದವಳು. ದನ ಹೋದ ಮೇಲೆ ಲೀಲಾಬಾಯಿ, ಜಾಗ ಖಾಲಿ ಯಾಕೆ, ನಿನ್ನ ಎಮ್ಮೆ ಕಟ್ಟು ಎಂದರಂತೆ. ಅವಳು ಹಿತ್ತಲ ಬಾಗಿಲಿನಿಂದ ಬರುತ್ತಾಳೆ, ಹಿತ್ತಲ ಬಾಗಿಲಿನಿಂದ ಹೋಗುತ್ತಾಳೆ. ರಘೋತ್ತಮ ಬೆಳಕು ಹರಿಯುವ ಮೊದಲೇ ಕಾರ್ಖಾನೆಯ ಬಸ್ಸು ಹಿಡಿಯುವವನು. ಸಂಜೆ ಬಂದರೆ ಅಡುಗೆಮನೆಯ ಕಿಟಕಿಯಲ್ಲಿ ಮುಚ್ಚಿಟ್ಟ ಹಾಲಿನ ತಂಬಿಗೆ. ಇಬ್ಬರ ನಡುವೆ ಮಾತು ಆಗುತ್ತಿದ್ದದ್ದು ಹಬ್ಬ ಹುಣ್ಣಿಮೆಗೊಮ್ಮೆ.

ಇನ್ನು ಆಯಿಲ್ ಸೆನ್ಸರಿನ ಮಾತು.

ಆಯಿಲ್ ಟಾಕಿಯ ಮೇಲ್ಭಾಗದಲ್ಲಿ ಅದು ಕೂತಿರುತ್ತದೆ. ಒಂದು ಕಡ್ಡಿ, ಅದರ ಮೇಲೆ ತೇಲುವ ಸಣ್ಣ ಡಬ್ಬಿ. ಎಣ್ಣೆ ಏರಿದರೆ ಡಬ್ಬಿ ಏರುತ್ತದೆ, ಇಳಿದರೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಸ್ಟೇರಿಂಗಿನ ಮುಂದಿನ ಗಡಿಯಾರದಂಥ ಮೀಟರಿನಲ್ಲಿ ಮುಳ್ಳು ಆಡುತ್ತದೆ. ಕಳೆದ ದೀಪಾವಳಿಯ ಸುಮಾರಿಗೆ ಆ ಮುಳ್ಳು ಮಲಗಿಬಿಟ್ಟಿತು. ಹಿಂದೆಯೂ ಒಮ್ಮೆ ಹೀಗೇ ಆಗಿ ಹೊಸದನ್ನು ತರಿಸಿ ಹಾಕಿದ್ದ. ಮತ್ತೆ ಕೆಟ್ಟಿತು. ಕಡ್ಡಿ ಹಾಕಿ ನೋಡಿದರೆ ಟಾಕಿಯಲ್ಲಿ ಎಣ್ಣೆ ಸರಿಯಾಗಿದೆ. ಮುಳ್ಳು ಮಾತ್ರ ಇಲ್ಲ ಎನ್ನುತ್ತದೆ. ಇಡೀ ಕಾರ್ಖಾನೆಯ ಮುಳ್ಳುಗಳನ್ನು ನೆಟ್ಟಗೆ ಇಟ್ಟವನ ಮನೆಯಲ್ಲೇ ಒಂದು ಮುಳ್ಳು ಸುಳ್ಳು ಹೇಳಿದರೆ ಅವನಿಗೆ ಹೇಗಾಗಬೇಡ! ಸಾಮಾನು ಮಾರಿದ ಮುಂಬಯಿಯವನಿಗೆ ಫೋನಿನಲ್ಲಿ ಬೈದ. ನಾಸಿಕದ ಒಬ್ಬನಿಗೆ ಹೇಳಿ ಇನ್ನೊಂದು ಸೆನ್ಸರು ತರಿಸಲು ಹಚ್ಚಿದ.

ಈ ಕಾರಿನದೊಂದು ವಿಚಿತ್ರ. ನಮ್ಮ ಟ್ರ್ಯಾಕ್ಟರುಗಳಿಗೆ ಬೆಳಿಗ್ಗೆ ಎದ್ದ ಕೂಡಲೇ, ಎಂಜಿನ್ನು ತಣ್ಣಗಿರುವಾಗ ಆಯಿಲ್ ನೋಡುತ್ತೇವೆ. ಇದಕ್ಕೆ ಎಂಜಿನ್ನು ಕಾದು, ಓಡುತ್ತಿರುವಾಗಲೇ ನೋಡಬೇಕು. ಮುದಿ ಎಂಜಿನ್ನು, ಆಕ್ಸಿಲರೇಟರಿನ ಮೇಲೆ ಕಾಲಿಡದಿದ್ದರೆ ಆರಿಹೋಗುತ್ತದೆ. ಹಾಗಾಗಿ ಹಿಂದೆ ಒಬ್ಬರು, ಒಳಗೆ ಒಬ್ಬರು ಬೇಕು. ರಘೋತ್ತಮನಿಗೆ ಆ ಇನ್ನೊಬ್ಬರು ಎಲ್ಲಿಂದ ಬರಬೇಕು? ಆಕ್ಸಿಲರೇಟರಿನ ಮೇಲೆ ಇಟ್ಟಂಗಿ ಇಟ್ಟ. ಬಲಗಡೆಯ ಸೀಟಿನ ಮೇಲೆ ಮೊಬೈಲು ಒರಗಿಸಿ ಮೀಟರಿನ ವಿಡಿಯೊ ಹಚ್ಚಿದ. ತಾನು ಹಿಂದೆ ಹೋಗಿ ವೈರು ಅಲುಗಾಡಿಸಿ ಬಂದು, ಆಮೇಲೆ ವಿಡಿಯೊ ನೋಡಿದ. ಮಲಗಿದ ಮುಳ್ಳು, ಎಂಜಿನ್ನಿನ ಸದ್ದು, ನಡುನಡುವೆ ಹಿಂದಿನಿಂದ ತನ್ನದೇ ದನಿ: "ಎದ್ದಿತೇನು?" ಯಾರನ್ನು ಕೇಳಿದೆನೋ ನನಗೇ ಗೊತ್ತಿಲ್ಲ ಎಂದ ರಘೋತ್ತಮ. ಆ ವಿಡಿಯೊವನ್ನು ಅವನು ಅಳಿಸಿಹಾಕಿದ.

ಹೊಸ ಸೆನ್ಸರು ಬೇಸಿಗೆಯಲ್ಲಿ ಒಂದು ಶುಕ್ರವಾರ ಕೊರಿಯರಿನಲ್ಲಿ ಬಂತು. ಕಬ್ಬು ನುರಿಸುವ ಹಂಗಾಮು ಮುಗಿದಿತ್ತು, ಕಾರ್ಖಾನೆಯಲ್ಲಿ ಗಡಿಬಿಡಿ ಇರಲಿಲ್ಲ. ಭಾನುವಾರದವರೆಗೂ ಕಾಯಲಾರದೆ ಶನಿವಾರ ರಜೆ ಹಾಕಿದ. ಅವನು ಶನಿವಾರ ಬೆಳಿಗ್ಗೆ ಮನೆಯಲ್ಲಿ ಉಳಿದದ್ದು ಯಾವ ಕಾಲದಲ್ಲೋ.

ಕಾರನ್ನು ಜಾಕಿನ ಮೇಲೆ ಎತ್ತಿ, ಕೆಳಗೆ ಬೋಗುಣಿ ಇಟ್ಟು, ಟಾಕಿಯ ಬುಡದ ಬಿರಡೆ ಬಿಚ್ಚಿ ಹಳೆಯ ಆಯಿಲ್ ಪೂರ್ತಿ ಇಳಿಸಿದ. ಮೇಲಿನ ನಟ್ಟುಗಳನ್ನು ಕಳಚಿ ಹಳೆಯ ಸೆನ್ಸರನ್ನು ಹೊರಗೆಳೆದ. ತೇಲುವ ಡಬ್ಬಿ ಕಡ್ಡಿಗೆ ಅಂಟಿಕೊಂಡುಬಿಟ್ಟಿತ್ತು. ಮೇಲೆ ಕಂದು ಬಣ್ಣದ ಜಿಗುಟು ಪದರ. ಕರಿದು ಕರಿದು ತೊಳೆಯದೆ ಬಿಟ್ಟ ಬಾಣಲೆಯ ಅಂಚಿಗೆ ಹತ್ತುತ್ತದಲ್ಲ, ಥೇಟು ಹಾಗೆ. ಉಗುರಿನಿಂದ ಕೆರೆದರೂ ಏಳಲಿಲ್ಲ. ಎಂಜಿನ್ ಆಯಿಲ್ಲಿಗೆ ಈ ಗುಣವಿಲ್ಲ. ಇದೇನು ಎಂದು ಅವನಿಗೆ ಬಗೆಹರಿಯಲಿಲ್ಲ. ಟಾಕಿಯ ತಳದಲ್ಲೂ ಹೀಗೇ ಇರಬೇಕೆಂದು ಒಂದು ಗೋಣಿತಟ್ಟು ಹಾಸಿ, ಕಾರಿನಡಿ ಅಂಗಾತ ಮಲಗಿ, ಬಿರಡೆಯ ತೂತಿಗೆ ಬಟ್ಟೆ ಸುತ್ತಿದ ಕಡ್ಡಿ ತುರುಕಿ ಒರೆಸತೊಡಗಿದ.

ಹಿತ್ತಲ ಬಾಗಿಲು ಕಿರ್ರೆಂದಿತು. ಕರೆವ್ವ ಎಮ್ಮೆಗೆ ಮೇವು ಹಾಕಲು ಬಂದಳು ಎಂದುಕೊಂಡ. ಅವಳ ಬರಿಗಾಲುಗಳು ಎಮ್ಮೆಯ ಕಡೆ ಹೋಗದೆ ಕಾರಿನ ಬಲಮಗ್ಗುಲಿಗೆ ಬಂದು ನಿಂತವು. ಮೇಲೆ ಮುಚ್ಚಳ ತೆರೆದ ಸದ್ದು.

"ಲೀಲಾಬಾಯಾರ, ಈ ವಾರಾನೂ ಬಿಟ್ಟಿಲ್ರಿ, ಹಾಕೇನ್ರಿ. ಸಣ್ಣಾಚಾರ್ರನ್ನ ಕಾಯಂತ ಶನಿದೇವ್ರಿಗೆ ನೀವ ಒಂದ ಮಾತ ಹೇಳ್ರಿ. ನನ್ನ ಮಾತ ಕೇಳಾಂವಲ್ಲ ಅಂವ."

ಖಾಲಿ ಟಾಕಿಯೊಳಗೆ ಏನೋ ಹರಿದು ಬಂದ ಸದ್ದಾಯಿತು. ಬಿರಡೆಯ ತೂತಿನಿಂದ ತಣ್ಣಗೆ ಒಂದು ಧಾರೆ ನೇರ ರಘೋತ್ತಮನ ಹಣೆಯ ಮೇಲೆ ಬಿತ್ತು. ಹಣೆಯಿಂದ ಕೂದಲಿಗೆ, ಕೂದಲಿನಿಂದ ಕಿವಿಗೆ ಇಳಿಯಿತು. ಎಳ್ಳೆಣ್ಣೆ.

ಅವನು ಅಲುಗಾಡಲಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆಯ ಬೆಳಿಗ್ಗೆ ತಾಯಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹಾಕುತ್ತಿದ್ದ ಎಣ್ಣೆ ಅದೇ. ತಾಯಿ ಹೋದ ಮೇಲೆ ಅವನ ತಲೆಗೆ ಎಣ್ಣೆ ಹಾಕಿದವರಿಲ್ಲ. ತನ್ನ ಕೈಯಿಂದ ತಾನೇ ಒಂದಿಷ್ಟು ಸವರಿಕೊಂಡು ಶಾಸ್ತ್ರ ಮುಗಿಸುತ್ತಿದ್ದ. ಕಾರಿನಡಿ ಮಲಗಿ ಅತ್ತೆ ಎಂದು ಅವನೇ ನನಗೆ ಹೇಳಿದ. ಗಂಡಸು ಅತ್ತದ್ದನ್ನು ಹೀಗೆ ನೇರ ಹೇಳಿದ್ದು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಸರಿದು ಹೊರಬಂದ. ಮುಖದ ತುಂಬ ಎಂಜಿನ್ನಿನ ಮಸಿ, ಅದರ ಮೇಲೆ ಎಣ್ಣೆ ಮಿಂಚುತ್ತಿದೆ, ಎದ್ದು ಬಂದದ್ದು ಕಾರಿನ ಅಡಿಯಿಂದ, ದಿನ ಶನಿವಾರ. ಕರೆವ್ವ ಒಂದು ಸಲ ನೋಡಿದಳು, ಅಷ್ಟೇ.

"ಯಪ್ಪಾ! ತಪ್ಪಾತೋ ನಮ್ಮಪ್ಪಾ!" ಎಂದು ಅಲ್ಲೇ ಅಡ್ಡಬಿದ್ದಳು.

"ಕರೆವ್ವಾ, ಏಳು. ನಾ ಶನಿ ಅಲ್ಲ. ನಾ ರಘು ಇದ್ದೇನಿ."

ಅವಳು ತಲೆಯೆತ್ತಿ ನೋಡಿ, ಗುರುತು ಹಿಡಿದು, ಉಸಿರು ಬಿಟ್ಟಳು. ಅವಳ ಕೈಯಲ್ಲಿ ಹಿತ್ತಾಳೆಯ ಮಿಳ್ಳೆ ಇತ್ತು. ತಾಯಿ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದ, ಮೂತಿಯ ಬಳಿ ಸೊಟ್ಟಗಾದ ಮಿಳ್ಳೆ. ಎಲ್ಲಿ ಹೋಯಿತು ಎಂದು ಅವನು ಒಂದು ಕಾಲಕ್ಕೆ ಮನೆಯೆಲ್ಲ ಹುಡುಕಿದ್ದ.

"ಇದು ಎಂದಿನಿಂದ ನಡದದ?" ಎಂದ.

"ಬಾಯಾರ ಹ್ವಾದಾಗಿಂದ ನಾನ್ರಿ. ಅದಕೂ ಮೊದಲ ಅವರ ಹಾಕತಿದ್ರು. ನೀವು ಡ್ಯೂಟಿಗೆ ಹೋದ ಮ್ಯಾಲ, ಶನಿವಾರಕ್ಕೊಮ್ಮಿ. ಕಡೀಕ ಹಾಸಗಿ ಹಿಡದಾಗ ಈ ಮಿಳ್ಳಿ ನನ್ನ ಕೈಯಾಗ ಕೊಟ್ಟ ಹೇಳಿದ್ರು. ಯಾರದೋ ಪೀಡಾ ನನ್ನ ಮಗನ ತಲಿಮ್ಯಾಲ ಬಂದೈತಿ, ಅವಗ ಎಣ್ಣಿ ಹಾಕಾಕ ಹೇಣ್ತಿಲ್ಲ, ನೀ ಬಿಡಬ್ಯಾಡ ಅಂದ್ರು. ನಾ ಬಿಟ್ಟಿಲ್ರಿ."

ಲೀಲಾಬಾಯಿಗೆ ಆ ಕಾರು ಎಂದರೆ ಆಗುತ್ತಿರಲಿಲ್ಲ ಎಂದೇ ರಘೋತ್ತಮ ತಿಳಿದಿದ್ದ. ಸಾವಕಾರ ದಾನದ ಎಣ್ಣೆ ಎಲ್ಲಿ ಸುರಿದನೋ ಅಲ್ಲೇ, ಯಾರಿಗೂ ಹೇಳದೆ, ಅವರು ಮಗನಿಗಾಗಿ ವಾರವಾರವೂ ಒಂದು ಮಿಳ್ಳೆ ಸುರಿಯುತ್ತಿದ್ದರು. ಎಳ್ಳೆಣ್ಣೆ ಕಾದ ಎಂಜಿನ್ನಿನಲ್ಲಿ ಸುತ್ತಿ ಸುತ್ತಿ, ಬೆಂದು, ಅಂಟಾಗಿ, ಸೆನ್ಸರಿನ ಡಬ್ಬಿಯನ್ನು ಹಿಡಿದುಹಾಕಿತ್ತು. ಪಾಪ, ಮುಂಬಯಿಯವನಿಗೆ ಸುಮ್ಮನೆ ಬೈಗುಳ.

ಅವನು ಹಳೆಯ ಸೆನ್ಸರನ್ನು ತಂದು ತೋರಿಸಿದ. ಈ ಎಣ್ಣೆ ಎಂಜಿನ್ನಿಗೆ ಒಗ್ಗುವುದಿಲ್ಲ, ಹೀಗೆ ಅಂಟುತ್ತದೆ, ಮುಳ್ಳು ಏಳದಿರುವುದಕ್ಕೆ ಇದೇ ಕಾರಣ ಎಂದು ಮೆತ್ತಗೆ ಹೇಳಿದ. ಕರೆವ್ವ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಇದನ್ನ ಕೆಡಿಸಿದಾಕಿ ನಾನ?"

ಅವನು ಸೆನ್ಸರನ್ನು ಅವಳ ಕೈಯಿಂದ ತೆಗೆದುಕೊಂಡು ಕೆಳಗಿಟ್ಟ.

"ಹಂಗಾರ ಬಿಡ್ತೇನ್ರಿ. ನಿಮ್ಮ ಗಾಡಿ ಕೆಡಸಾಕ ನಾ ಹಾಕಿದ್ದಲ್ಲ. ಆದ್ರ ಬಾಯಾರಿಗೆ ಮಾತ ಕೊಟ್ಟೇನಿ. ನಾಳಿ ನಾನೂ ಅಲ್ಲಿಗೆ ಹೋಗಾಕಿನ. ಯಾಕ ಬಿಟ್ಟಿ ಅಂದ್ರ ಏನ ಹೇಳ್ಲಿ?" ಎಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಹೊಸ ಸೆನ್ಸರು ಪೆಟ್ಟಿಗೆಯಲ್ಲಿತ್ತು. ಅವಳು ಎಣ್ಣೆ ಹಾಕುವುದನ್ನು ಬಿಡದಿದ್ದರೆ ಅದಕ್ಕೂ ಇದೇ ಗತಿ. ಬಿಟ್ಟರೆ, ಇಡೀ ಊರಿನಲ್ಲಿ ವಾರಕ್ಕೊಮ್ಮೆಯಾದರೂ ತನ್ನ ಹೆಸರು ಹೇಳಿ ದೇವರನ್ನು ಬೇಡುವ ಒಂದು ಜೀವವೂ ಬಿಟ್ಟಂತೆ. ತಾನು ಯಾರಿಗೂ ಬೇಡದವನು ಎಂದುಕೊಂಡು ಕಾರ್ಖಾನೆಯಲ್ಲಿ ಮೀಟರು ಒರೆಸುತ್ತ ಕೂತಿದ್ದ ಅಷ್ಟೂ ಶನಿವಾರಗಳಲ್ಲಿ ಇಲ್ಲಿ ಇದು ನಡೆದಿತ್ತು. ಅವನಿಗೆ ಸೆನ್ಸರೂ ಬೇಕಿತ್ತು, ಶನಿವಾರವೂ ಬೇಕಿತ್ತು.

ಗೋಣಿತಟ್ಟನ್ನು ಎಳೆದು, ಎಮ್ಮೆಯ ಗೂಟದ ಹತ್ತಿರ ಹಾಕಿ, ಅವಳ ಮುಂದೆ ಕೂತ.

"ಕರೆವ್ವಾ, ಅವ್ವ ನಿನಗ ಏನಂದ್ಲು? ಮಗನ ತಲಿಮ್ಯಾಲ ಪೀಡಾ ಬಂದದ ಅಂದ್ಲಲ್ಲಾ? ಹಂಗಾದ್ರ ಕಾರಿಗ್ಯಾಕ ಹಾಕ್ತಿ? ತಲಿ ಇಲ್ಲೇ ಅದ. ಇಲ್ಲಿ ಹಾಕು."

"ತಲಿಗ್ಯಾ?"

"ಹೂಂ."

"ಆಚಾರ್ರ ತಲಿ ನಾ ಹೆಂಗ ಮುಟ್ಲಿರಿ? ಒಲ್ಲೆ."

"ಅವ್ವ ದೇವರ ಮಿಳ್ಳಿನ ನಿನ್ನ ಕೈಯಾಗ ಕೊಟ್ಟಾಳ. ಅದಕ್ಕಿಂತ ನನ್ನ ತಲಿ ದೊಡ್ಡದೇನು?"

ಎಮ್ಮೆ ಮೇವಿಗೆಂದು ಕೂಗಿತು. ಕರೆವ್ವ ಸುಮ್ಮಿರ ಎಂದು ಅದನ್ನು ಗದರಿಸಿದಳು. ಮಿಳ್ಳೆಯಲ್ಲಿ ಉಳಿದಿದ್ದಷ್ಟನ್ನು ಮೊದಲು ಮೇಲಿನಿಂದ ಬಿಟ್ಟಳು. ಎಣ್ಣೆ ಕಣ್ಣಿಗೆ ಇಳಿಯುತ್ತಿರುವುದು ಕಂಡು ತಡೆಯಲಾರದೆ ಅಂಗೈಯಿಂದ ನೆತ್ತಿಗೆ ಒತ್ತಿದಳು. ಆಮೇಲೆ ಎರಡೂ ಕೈ ಹಾಕಿ ತಟ್ಟಿ ತಿಕ್ಕಿದಳು. ದಿನಾಲೂ ಎಮ್ಮೆಯ ಮೈ ತಿಕ್ಕುವ ಕೈ, ಮೆದುವಾಗಿ ತಿಕ್ಕುವುದು ಅದಕ್ಕೆ ಗೊತ್ತಿಲ್ಲ. ಕುತ್ತಿಗೆ ಎರಡು ದಿನ ನೋಯಿತು ಎಂದು ರಘೋತ್ತಮ ನಗುತ್ತ ಹೇಳಿದ.

ಟಾಕಿಯನ್ನು ತೊಳೆದು, ಹೊಸ ಸೆನ್ಸರು ಕೂಡಿಸಿ, ವೈರು ಸಿಕ್ಕಿಸಿ, ಹೊಸ ಆಯಿಲ್ ತುಂಬುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಉಳಿದದ್ದು ಒಂದೇ. ಎಂಜಿನ್ನು ಕಾಯಿಸಿ ಮುಳ್ಳು ಏಳುತ್ತದೋ ಇಲ್ಲವೋ ನೋಡಬೇಕು. ಇಟ್ಟಂಗಿ ಮೂಲೆಯಲ್ಲೇ ಇತ್ತು, ಮೊಬೈಲು ಜೇಬಿನಲ್ಲಿತ್ತು. ಅವೆರಡನ್ನೂ ಅವನು ಮುಟ್ಟಲಿಲ್ಲ. ಸಂಜೆ ಹಾಲು ಹಿಂಡಲು ಬಂದ ಕರೆವ್ವನಿಗೆ, ಪದ್ಮಜಾ ಬೇಡವೆಂದ ಮೇಲೆ ಯಾರಿಗೂ ಕೇಳದಿದ್ದ ಮಾತನ್ನು ಕೇಳಿದ.

"ಮುಳ್ಳು ನೋಡಲಿಕ್ಕೆ ಒಬ್ಬರು ಒಳಗ ಕೂಡಬೇಕಾಗೇದ. ನೀ ಕೂಡ್ತೀಯೇನು?"

ಕೇಳಿದ್ದು ಅವನಿಗೇ ಕೇಳಿಸಲಿಲ್ಲವಂತೆ, ದನಿ ಅಷ್ಟು ಸಣ್ಣಗಾಗಿತ್ತು. ಕರೆವ್ವ ಕಾರನ್ನು ನೋಡಿದಳು, ಆಕಾಶ ನೋಡಿದಳು, ಬೆರಳು ಮಡಚಿ ಏನೋ ಎಣಿಸಿದಳು.

"ಇವತ್ತ ಶನಿವಾರ. ಇವತ್ತ ಒಲ್ಲೆ. ನಾಳಿ ಕೂಡ್ತೇನಿ" ಎಂದಳು.

ಆ ರಾತ್ರಿ ಅವನಿಗೆ ನಿದ್ದೆ ಬಂತೋ ಇಲ್ಲವೋ ನಾನು ಕೇಳಲಿಲ್ಲ. ಕರೆವ್ವ ಬರುವುದಿಲ್ಲ ಎಂದೇ ಅವನು ಖಾತ್ರಿ ಮಾಡಿಕೊಂಡಿದ್ದ. ಮೊಣಕಾಲು, ಬೀಗರು, ಏಕಾದಶಿ, ಎಲ್ಲ ಕೇಳಿದ್ದವನಲ್ಲವೇ?

ಭಾನುವಾರ ಬೆಳಿಗ್ಗೆ ನಾನು ಪೇಪರು ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಕರೆವ್ವ ಹಿತ್ತಲ ಬಾಗಿಲಿನಿಂದ ಬರಲಿಲ್ಲ. ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಓಣಿಯ ನಡುವೆ ನಡೆದುಕೊಂಡು ಮುಂಬಾಗಿಲಿಗೇ ಬಂದಳು. ರಘೋತ್ತಮ ಬಲಗಡೆಯ ಬಾಗಿಲು ತೆರೆದು ಹಿಡಿದ. ಸೀಟು ತೀರ ತಗ್ಗು. ಬಾವಿಗೆ ಇಳಿದಂತೆ ಒಂದು ಕಾಲು ಇಳಿಸಿ, ನಮ್ಮವ್ವಾ ಎಂದು, ಇನ್ನೊಂದು ಕಾಲು ಎಳೆದುಕೊಂಡು ಕೂತಳು. ಕಿಟಕಿಗಳಲ್ಲಿ ತಲೆಗಳು ಮೂಡಿದವು. ಚಹದಂಗಡಿಯಲ್ಲಿ ನಗುತ್ತಿದ್ದವರೂ ಇದ್ದರು. ಯಾರೂ ನಗಲಿಲ್ಲ.

"ಈ ಮುಳ್ಳಿನ ಮ್ಯಾಲ ಕಣ್ಣಿಡು. ಎಂಜಿನ್ನು ಕಾದ ಮ್ಯಾಲ ಎದ್ದು ನಡಕ ನಿಲ್ಲಬೇಕು. ಮತ್ತ ಮಲಗಿತಂದ್ರ ಹೇಳು" ಎಂದು ರಘೋತ್ತಮ ಎಡಗಡೆ ಕೂತು, ತಾನು ಮುಳ್ಳಿನ ಕಡೆ ನೋಡದೆ ಎಂಜಿನ್ನು ಹಚ್ಚಿದ.

ಕರೆವ್ವ ಎಮ್ಮೆ ಈಯುವುದನ್ನು ಕಾಯುವವಳಂತೆ ಬಗ್ಗಿ ಅದನ್ನೇ ದಿಟ್ಟಿಸಿದಳು. ಎಂಜಿನ್ನು ಗುಡುಗಿತು, ಹೊಗೆ ಬಂತು, ಹೊಗೆ ನಿಂತಿತು. ನಾವೆಲ್ಲ ಕಾದೆವು. ಯಾವ ಕೆಲಸವಿಲ್ಲದಿದ್ದರೂ ಒಬ್ಬರೂ ಒಳಗೆ ಹೋಗಲಿಲ್ಲ.

"ಎದ್ದೈತ್ರೀ!" ಎಂದು ಕರೆವ್ವ ಕಿರುಚಿದ್ದು ಹಿಂದಿನ ಓಣಿಗೂ ಕೇಳಿಸಿತು.

ಅವಳು ಇಳಿಯಬಹುದಿತ್ತು, ಕೆಲಸ ಮುಗಿದಿತ್ತು. ಇಳಿಯಲಿಲ್ಲ. ಓಡುವಾಗ ಮಲಗಿಬಿಟ್ಟರೆ ಯಾರು ನೋಡಬೇಕು ಎಂದಳು. ಕಾರು ಸವದತ್ತಿಯ ರಸ್ತೆ ಹಿಡಿಯಿತು. ಎದುರಿನಿಂದ ಬಂದ ಒಬ್ಬ ಟ್ರ್ಯಾಕ್ಟರಿನವನು ಚಹದಂಗಡಿಯಲ್ಲಿ ಇಳಿದು, ಯಾವಳೋ ಮುದುಕಿ ಸೆರಗು ಹೊದ್ದು, ರಸ್ತೆ ನೋಡದೆ ತಲೆ ತಗ್ಗಿಸಿಕೊಂಡೇ ಕಾರು ಓಡಿಸುತ್ತಿದ್ದಾಳೆ ಎಂದು ಆಣೆ ಮಾಡಿ ಹೇಳಿದ.

ದಾರಿಯಲ್ಲಿ ನಡೆದದ್ದನ್ನು ರಘೋತ್ತಮ ನನಗೆ ಅಂದು ಸಂಜೆ ಹೇಳಿದ. ಕರೆವ್ವ ಮುಳ್ಳು ಬಿಟ್ಟು ಕಣ್ಣೆತ್ತಲೇ ಇಲ್ಲ. ಹೊಲ ನೋಡಲಿಲ್ಲ, ಗುಡ್ಡ ನೋಡಲಿಲ್ಲ. ಸ್ವಲ್ಪ ಸ್ವಲ್ಪ ಹೊತ್ತಿಗೆ ತಲೆ ತಗ್ಗಿಸಿಕೊಂಡೇ "ಎಲ್ಲಿ ಬಂದ್ವಿರಿ?" ಎಂದು ಕೇಳುತ್ತಿದ್ದಳು. ಹೊಸೂರು ಎಂದ. ಸೊಗಲದ ಕ್ರಾಸು ಎಂದ. ಅಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದವನಿಗೆ ಪ್ರತಿ ತಿರುವೂ ಗೊತ್ತು, ಆದರೆ ಆ ಕಾರಿನೊಳಗೆ ಅವನು ಬಾಯಿಬಿಟ್ಟು ಯಾರಿಗಾದರೂ ಒಂದು ಊರಿನ ಹೆಸರು ಹೇಳಿದ್ದು ಅದೇ ಮೊದಲಂತೆ. ಮುನವಳ್ಳಿಯ ಹೊಳೆ ದಾಟುವಾಗ ಅವಳು ಮತ್ತೆ ಕೇಳಿದಳು. ಅವನು ಕಾರನ್ನು ನಿಧಾನ ಮಾಡಿ, ಮುನವಳ್ಳಿ ಹೊಳೆ ಎಂದ.